ಗುಂಡಿ ಒತ್ತುವ ಮುಂಚಿನ ಐದು ನಿಮಿಷ

ಕೇಳುಗರಿಗೆ ನಮಸ್ಕಾರ.

ಎದೆಯ ಎಕ್ಸ್-ರೇ ತೆಗೆಯುವಾಗ ಕಿರಣ ಹೊರಡುವ ಹೊತ್ತು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ. ಚಿತ್ರ ಸರಿ ಬರುತ್ತದೋ ಇಲ್ಲವೋ ಎಂಬುದು ಮಾತ್ರ ಬಹುಮಟ್ಟಿಗೆ ಅದಕ್ಕೂ ಮುಂಚಿನ ಐದು ನಿಮಿಷದಲ್ಲೇ ತೀರ್ಮಾನವಾಗಿರುತ್ತದೆ. ಚಿತ್ರ ಕೆಟ್ಟರೆ ಇನ್ನೊಂದು ತೆಗೆಯಬೇಕು, ರೋಗಿಯ ಮೈಮೇಲೆ ಬೇಡದ ವಿಕಿರಣ ಇನ್ನೊಮ್ಮೆ ಬೀಳುತ್ತದೆ. ಎಕ್ಸ್-ರೇ ಕೋಣೆಯಲ್ಲಿ ಕೆಲಸ ಮಾಡುವವರೂ, ಚೀಟಿ ಹಿಡಿದು ಹೊರಗೆ ಕಾಯುವವರೂ ಆ ಐದು ನಿಮಿಷದ ಕೆಲಸವನ್ನು ತಿಳಿದಿರಬೇಕು.

ಮೊದಲು ಹೆಸರು. ‘ಇಂಥವರು ನೀವೇನಾ?’ ಎಂದು ಕೇಳಿದರೆ ಕಿವಿ ಮಂದವಾದವರು, ಜ್ವರದಲ್ಲಿರುವವರು, ಗಾಬರಿಯಾದವರು ಹೂಂ ಅಂದುಬಿಡುತ್ತಾರೆ. ‘ನಿಮ್ಮ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ’ ಎಂದು ಅವರ ಬಾಯಿಂದಲೇ ಹೇಳಿಸಿ, ಎರಡನ್ನೂ ಚೀಟಿಯೊಂದಿಗೆ ಹೋಲಿಸಬೇಕು. ಆಮೇಲೆ ‘ನೋವು ಎಲ್ಲಿ, ಒಂದೇ ಬೆರಳಿಟ್ಟು ತೋರಿಸಿ’ ಎನ್ನಬೇಕು. ಚೀಟಿಯಲ್ಲಿ ಬಲಗೈ ಎಂದಿದ್ದು ರೋಗಿ ಎಡಗೈ ಚಾಚಿದರೆ, ಬರೆದ ವೈದ್ಯರಿಗೆ ಫೋನ್ ಮಾಡುವ ತನಕ ಚಿತ್ರ ತೆಗೆಯಕೂಡದು.

ಆ ಒಂದು ಬೆರಳು ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಅಂಗೈ ಊರಿ ಬಿದ್ದವರು ಹೆಬ್ಬೆರಳ ಬುಡದ ಕುಳಿಯಲ್ಲಿ ನೋವು ತೋರಿಸಿದರೆ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಮುರಿದಿರಬಹುದು. ಮಣಿಕಟ್ಟಿನ ಮಾಮೂಲಿ ಎರಡು ಚಿತ್ರಗಳಲ್ಲಿ ಅದು ತಪ್ಪಿಸಿಕೊಳ್ಳುತ್ತದೆ. ಕೈಯನ್ನು ಕಿರುಬೆರಳ ಕಡೆಗೆ ಬಾಗಿಸಿ ಬೇರೆ ಚಿತ್ರ ತೆಗೆಯಬೇಕು. ‘ಮಣಿಕಟ್ಟು’ ಎಂದಷ್ಟೇ ಬರೆದ ಚೀಟಿಗಿಂತ ‘ಬಿದ್ದು ಎರಡು ದಿನ, ಹೆಬ್ಬೆರಳ ಬುಡದಲ್ಲಿ ನೋವು’ ಎಂದು ಬರೆದ ಚೀಟಿ ಎಷ್ಟೋ ಮೇಲು.

ಗರ್ಭದ ವಿಚಾರವನ್ನು ಜೊತೆಗೆ ಬಂದವರ ಎದುರು ಕೇಳಬಾರದು. ಬಟ್ಟೆ ಬದಲಿಸುವ ಜಾಗದಲ್ಲಿ, ತಗ್ಗಿದ ದನಿಯಲ್ಲಿ, ‘ಕೊನೆಯ ಮುಟ್ಟು ಯಾವತ್ತು?’ ಎಂದು ಕೇಳಬೇಕು. ಹೊಟ್ಟೆ, ಸೊಂಟ, ತೊಡೆಸಂದಿನ ಚಿತ್ರಗಳಿಗೆ ಇದು ತಪ್ಪದೇ ಕೇಳಬೇಕಾದ ಪ್ರಶ್ನೆ. ಮುಟ್ಟು ತಡವಾಗಿದ್ದರೆ ವೈದ್ಯರೊಂದಿಗೆ ಮಾತಾಡಿ ಮುಂದಿನದು. ಹಾಗೆಂದು ಬಸುರಿಗೆ ಬೇಕೇಬೇಕಾದ ಎದೆಯ ಎಕ್ಸ್-ರೇಯನ್ನು ಹೆದರಿ ಮುಂದೂಡುವುದೂ ತಪ್ಪು. ಅದರಲ್ಲಿ ಮಗುವಿಗೆ ತಲುಪುವ ವಿಕಿರಣ ಒಂದು ಮಿಲಿಗ್ರೇಯ (ಮೈ ಹೀರಿಕೊಳ್ಳುವ ವಿಕಿರಣದ ಅಳತೆ) ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಇನ್ನು ಮೈಮೇಲಿನ ವಸ್ತುಗಳು. ಸರ, ಕೊಕ್ಕೆ, ಪಿನ್ನು ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಜಡೆಯನ್ನು. ಬಿಗಿಯಾಗಿ ಹೆಣೆದ ದಪ್ಪ ಜಡೆ ಹೆಗಲ ಮೇಲೆ ಬಿದ್ದಿದ್ದರೆ ಶ್ವಾಸಕೋಶದ ತುದಿಯಲ್ಲಿ ಮಸುಕು ಬಿಳಿ ಪಟ್ಟೆಯಾಗಿ ಮೂಡುತ್ತದೆ. ಕ್ಷಯದ ಗುರುತು ಹುಡುಕುವ ಜಾಗವೂ ಅದೇ! ಅದಕ್ಕೇ ಕೂದಲನ್ನು ಎತ್ತಿ ನೆತ್ತಿಯ ಮೇಲೆ ಕಟ್ಟಿಸಬೇಕು. ಜಿಂಕ್ ಬೆರೆತ ಮುಲಾಮು, ಒದ್ದೆ ಬ್ಯಾಂಡೇಜು ಕೂಡ ನೆರಳು ಬೀಳಿಸುತ್ತವೆ. ತಲೆಯ ಚಿತ್ರಕ್ಕಾದರೆ ಕಟ್ಟುಹಲ್ಲು, ಶ್ರವಣಯಂತ್ರ ತೆಗೆಯಬೇಕು. ಆದರೆ ಉಸಿರಿನ ಸೂಚನೆಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ ಶ್ರವಣಯಂತ್ರ ತೆಗೆಸಿ. ಮೊದಲೇ ತೆಗೆದರೆ ಅವರಿಗೆ ನಿಮ್ಮ ಮಾತು ಕೇಳುವುದಿಲ್ಲ.

ಉಸಿರಿನ ಬಗ್ಗೆ ತುಸು ಹೆಚ್ಚು ಹೇಳಬೇಕು. ‘ಉಸಿರು ಎಳೆದುಕೊಳ್ಳಿ’ ಎಂದರೆ ಹಲವರು ಹೆಗಲನ್ನಷ್ಟೇ ಏರಿಸುತ್ತಾರೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆ ಇದ್ದಲ್ಲೇ ಇರುತ್ತದೆ. ಹಾಗೆ ತೆಗೆದ ಚಿತ್ರದಲ್ಲಿ ಹೃದಯ ಊದಿದಂತೆ, ಶ್ವಾಸಕೋಶದ ಬುಡ ಮಬ್ಬಾದಂತೆ ಕಾಣುತ್ತದೆ. ಇಲ್ಲದ ರೋಗ ಇದ್ದಂತೆ ತೋರುತ್ತದೆ. ಕಿರಣ ಬಿಡದೆ ಒಂದು ಸಲ ಅಭ್ಯಾಸ ಮಾಡಿಸಿ. ಎಳೆದು, ಬಿಟ್ಟು, ಮತ್ತೆ ಎಳೆದು ಹಿಡಿಯಲು ಹೇಳಿ, ಏಕೆಂದರೆ ಎರಡನೇ ಉಸಿರು ಸಾಮಾನ್ಯವಾಗಿ ಹೆಚ್ಚು ಆಳ ಹೋಗುತ್ತದೆ. ಚೆನ್ನಾಗಿ ಎಳೆದ ಉಸಿರಿನಲ್ಲಿ ವಪೆಯ ಮೇಲೆ ಹಿಂಬದಿಯ 9 ಅಥವಾ 10 ಪಕ್ಕೆಲುಬುಗಳನ್ನು ಎಣಿಸಬಹುದು.

ರೋಗಿ ನಿಲ್ಲಬಲ್ಲರೇ? ಇದನ್ನು ಕೇಳಿ ಮಾತ್ರ ತಿಳಿಯಬಾರದು, ನೋಡಬೇಕು. ಮಲಗಿದ್ದವರನ್ನು ಮೊದಲು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಿ, ತಲೆ ಸುತ್ತುತ್ತದೆಯೇ, ಮುಖ ಬಿಳಿಚಿಕೊಳ್ಳುತ್ತದೆಯೇ ನೋಡಿ. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿರಲಿ, ಎದೆಗೆ ಹಾಕಿದ ನಳಿಕೆಯ ಬಾಟಲಿ ಎದೆಗಿಂತ ಕೆಳಗಿರಲಿ. ಕುತ್ತಿಗೆಗೆ ಪೆಟ್ಟಾಗಿ ಪಟ್ಟಿ ಹಾಕಿದ್ದರೆ ವೈದ್ಯರು ಚಿತ್ರ ನೋಡಿ ಒಪ್ಪುವ ತನಕ ಅದನ್ನು ಬಿಚ್ಚಬೇಡಿ. ಕರುಳು ತೂತಾಗಿರುವ ಶಂಕೆಯಿದ್ದರೆ, ಹೊರಬಂದ ಗಾಳಿ ಮೇಲೇರಿ ವಪೆಯ ಕೆಳಗೆ ಸೇರಲು ಸಮಯ ಬೇಕು. ಐದರಿಂದ ಹತ್ತು ನಿಮಿಷ ನೆಟ್ಟಗೆ ಕೂರಿಸಿದ ಮೇಲೆ ಚಿತ್ರ ತೆಗೆಯಿರಿ. ಕೂರಲಾಗದವರನ್ನು ಎಡಮಗ್ಗುಲಿಗೆ ಮಲಗಿಸಿದರೆ ಗಾಳಿ ಯಕೃತ್ತಿನ ಪಕ್ಕದಲ್ಲಿ ಕಾಣುತ್ತದೆ. ಕರುಳು ಚಿತ್ರದಲ್ಲಿ ಎದ್ದು ಕಾಣಲೆಂದು ಕೊಡುವ ಬೇರಿಯಂ ದ್ರವವನ್ನು ಇಂಥವರಿಗೆ ಕುಡಿಸಬಾರದು. ಹೊಟ್ಟೆಯ ಪೊರೆಯೊಳಗೆ ಸೋರಿದರೆ ಅದು ಕೆಟ್ಟ ಉರಿಯೂತ ತರುತ್ತದೆ. ನೀರಿನಲ್ಲಿ ಕರಗುವ ಅಯೋಡಿನ್ ದ್ರವವೇ ಬೇಕು.

ಅಯೋಡಿನ್ ದ್ರವವನ್ನು ರಕ್ತನಾಳಕ್ಕೆ ಕೊಡುವ ಮುನ್ನ ಮುಖ್ಯ ಪ್ರಶ್ನೆ ಒಂದು: ‘ಹಿಂದೆ ಇಂಥ ಇಂಜೆಕ್ಷನ್ ಕೊಟ್ಟಾಗ ಏನಾದರೂ ಆಗಿತ್ತೇ?’ ಮೀನು, ಸಿಗಡಿ ಒಗ್ಗದವರಿಗೆ ಈ ದ್ರವವೂ ಒಗ್ಗುವುದಿಲ್ಲ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಆ ಅಲರ್ಜಿಗೆ ಕಾರಣ ಅವುಗಳಲ್ಲಿರುವ ಪ್ರೋಟೀನು, ಅಯೋಡಿನ್ ಅಲ್ಲ. ಮೂತ್ರಪಿಂಡದ ಸೋಸುವ ಶಕ್ತಿ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿದ್ದು ರೋಗಿ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ, ಪರೀಕ್ಷೆಯ ಹೊತ್ತಿಗೆ ಅದನ್ನು ನಿಲ್ಲಿಸಬೇಕು. 48 ಗಂಟೆ ಕಳೆದು ಮೂತ್ರಪಿಂಡ ಹೇಗಿದೆಯೆಂದು ನೋಡಿಯೇ ಮತ್ತೆ ಶುರುಮಾಡಬೇಕು. ಇಂಜೆಕ್ಷನ್ ಹೋಗುವಾಗ ಮೈ ಬಿಸಿಯಾಗಿ, ಬಾಯಲ್ಲಿ ಲೋಹದ ರುಚಿ ಬಂದು, ಮೂತ್ರ ಹೋದಂತೆ ಅನ್ನಿಸುತ್ತದೆ. ಇದನ್ನು ಮೊದಲೇ ಹೇಳಿದರೆ ರೋಗಿ ಬೆಚ್ಚಿ ಅಲುಗಾಡುವುದಿಲ್ಲ. ಉಸಿರು ಕಟ್ಟಿದರೆ, ಮೈ ತುರಿಸಿದರೆ ತಕ್ಷಣ ಕೂಗಲು ಹೇಳಿ. ಮುಗಿದ ಮೇಲೂ ಅರ್ಧ ಗಂಟೆ ಕಣ್ಣಳತೆಯಲ್ಲಿ ಕೂರಿಸಿಕೊಳ್ಳಿ.

ಕೊನೆಗೆ, ಕೈಗೆ ಪೆಟ್ಟಾದವರ ಅಂಗಿ. ಬಿಚ್ಚುವಾಗ ಮೊದಲು ಒಳ್ಳೆಯ ಕೈಯ ತೋಳು, ಆಮೇಲೆ ನೋವಿನ ಕೈಯದು. ತೊಡಿಸುವಾಗ ಮೊದಲು ನೋವಿನ ಕೈ. ಹೀಗೆ ಮಾಡಿದರೆ ಮುರಿದ ಕೈಯನ್ನು ಎಲ್ಲೂ ಬಗ್ಗಿಸಬೇಕಾಗುವುದಿಲ್ಲ. ಅಷ್ಟಕ್ಕೂ ನೋವಾದರೆ ಹೊಲಿಗೆಯ ಗುಂಟ ತೋಳು ಕತ್ತರಿಸಿ, ಆದರೆ ಕತ್ತರಿ ಹಿಡಿಯುವ ಮೊದಲು ಅವರನ್ನು ಕೇಳಿ.