ಸಾಗರ ತೆರೆಯಿತು, ಸೊರಬ ಏಕೆ ತೆರೆಯಲಿಲ್ಲ?: ಸಿ ಭಾಷೆ ಮತ್ತು ಕನ್ನಡದ ಫೈಲ್ ಹೆಸರುಗಳು

ವಿದ್ಯಾರ್ಥಿಮಿತ್ರರೇ,

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರಿನಲ್ಲಿ ಏಳು ಫೋಲ್ಡರ್ ಮಾಡಿ, ಒಂದೊಂದರಲ್ಲೂ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ದರ್ಜೆಗಳ ಲೆಕ್ಕದ ಫೈಲ್‌ಗಳನ್ನು ಇಟ್ಟಿದ್ದೀರಿ ಎಂದುಕೊಳ್ಳಿ. ಮೊತ್ತ ಕೂಡುವ ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಸಾಗರದ ಫೋಲ್ಡರ್ ತೆರೆಯುತ್ತದೆ. ಸೊರಬದ್ದು ಕಣ್ಣೆದುರೇ ಇದ್ದರೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಇಂಥ ತೊಡಕು ಬಂದ ಕೂಡಲೇ ‘ಹೆಸರನ್ನು ಇಂಗ್ಲಿಷಿನಲ್ಲೇ ಇಡಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತೋಟದ ಲೆಕ್ಕ ಬರೆಯುವವರು ತಮ್ಮ ಬಾಯಲ್ಲಿರುವ ಹೆಸರಿನಲ್ಲೇ ಬರೆಯಲಿ, ತಿದ್ದಿಕೊಳ್ಳಬೇಕಾದದ್ದು ಪ್ರೋಗ್ರಾಂ.

ಲಿನಕ್ಸ್ ಕರ್ನೆಲ್‌ಗೆ (ಆ ವ್ಯವಸ್ಥೆಯ ತಿರುಳಿಗೆ) ಪಾತ್, ಅಂದರೆ ಫೈಲ್ ಇರುವ ಜಾಗದ ವಿಳಾಸ, ಬರೀ ಬೈಟ್‌ಗಳ ಸಾಲು, ಅಷ್ಟೇ. ಹೆಸರಿನೊಳಗೆ ಬರಕೂಡದ ಬೈಟ್‌ಗಳು ಎರಡೇ: ಸೊನ್ನೆ ಮತ್ತು ಸ್ಲ್ಯಾಶ್‌ನ 47. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಗುಣಿತ ಚಿಹ್ನೆ, ಒತ್ತಿನ ಗುರುತು ಒಂದೊಂದಕ್ಕೂ) ಮೂರು ಬೈಟ್. ‘ಕ’ ಎಂದರೆ 224, 178, 149. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಈ ಪದ್ಧತಿಯನ್ನು ರೂಪಿಸಿದಾಗ, ಆಸ್ಕಿಯ (ಇಂಗ್ಲಿಷ್ ಅಕ್ಷರ, ಅಂಕಿಗಳ ಹಳೆಯ ಸಂಕೇತಪಟ್ಟಿ) ಹೊರಗಿನ ಯಾವ ಅಕ್ಷರದ ಬೈಟೂ 128ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಂಡರು. ಹಾಗಾಗಿ ಕನ್ನಡ ಪಾತ್‌ನಲ್ಲಿ ಕೊನೆಯ ಸ್ಲ್ಯಾಶ್ ಹುಡುಕಲು ಹಳೆಯ ಎಸ್‌ಟಿಆರ್‌ಆರ್‌ಸಿಎಚ್‌ಆರ್ ಫಂಕ್ಷನ್ ಸಾಕು. ಎರಡೆರಡು ಬೈಟ್‌ಗಳ ಘಟಕಗಳಲ್ಲಿ ಬರೆಯುವ ಯುಟಿಎಫ್-16ಕ್ಕೆ ಈ ಗುಣವಿಲ್ಲ: ತೆಲುಗಿನ ‘ಯ’ ಅಕ್ಷರದ ಒಂದು ಬೈಟ್ ಅಲ್ಲಿ 47 ಆಗಿಬಿಡುತ್ತದೆ.

ಈಗ ಸೊರಬಕ್ಕೆ ಬರೋಣ. ಸ, ಒಕಾರದ ಚಿಹ್ನೆ, ರ, ಬ: ನಾಲ್ಕು ಸಂಕೇತ, 12 ಬೈಟ್. ಆದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್ ಮಾನದಂಡದ ಪ್ರಕಾರ ಒಕಾರದ ಚಿಹ್ನೆಯನ್ನು ಎಕಾರ, ಊಕಾರಗಳ ಎರಡು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಆಗ ಐದು ಸಂಕೇತ, 15 ಬೈಟ್. ಪರದೆಯ ಮೇಲೆ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ನಕಲಾದ ಫೋಲ್ಡರನ್ನು ಲಿನಕ್ಸ್‌ನಲ್ಲಿ 12 ಬೈಟ್‌ಗಳ ಹೆಸರಿನಿಂದ ಕೇಳಿದರೆ ಸಿಗುವುದಿಲ್ಲ. ಈ, ಏ, ಐ, ಒ, ಓ ಕಾರದ ಐದೂ ಗುಣಿತ ಚಿಹ್ನೆಗಳ ಪಾಡು ಇದೇ. ನಮ್ಮ ತಾಲ್ಲೂಕುಗಳಲ್ಲಿ ಸಾಗರ, ಭದ್ರಾವತಿ, ಶಿಕಾರಿಪುರಗಳಿಗೆ ಈ ಕಾಟವಿಲ್ಲ. ಶಿವಮೊಗ್ಗ, ಸೊರಬ, ಹೊಸನಗರ, ತೀರ್ಥಹಳ್ಳಿಗಳಿಗೆ ಇದೆ. ಏಳರಲ್ಲಿ ನಾಲ್ಕು! ಸಾಗರದಿಂದ ಮಾತ್ರ ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಫೋಲ್ಡರಿನೊಳಗಿನ ಹೆಸರುಗಳನ್ನು ಅವನ್ನು ಒಂದೊಂದಾಗಿ ಕೊಡುವ ರೀಡ್‌ಡಿರ್ ಫಂಕ್ಷನ್ ಮೂಲಕ ಓದಿ. ಹೋಲಿಸುವಾಗ ಎರಡೂ ಕಡೆಯ ಹೆಸರುಗಳ ಪ್ರತಿಗಳನ್ನು ಯುನಿಕೋಡ್ ಕೆಲಸಗಳಿಗಿರುವ ಐಸಿಯು ಲೈಬ್ರರಿಯಿಂದ ಒಂದೇ ರೂಪಕ್ಕೆ (ಎರಡೂ ಕೂಡಿಸಿದ್ದು, ಇಲ್ಲವೇ ಎರಡೂ ಬಿಡಿಸಿದ್ದು) ತನ್ನಿ. ಹೊಂದಿದ ಮೇಲೆ, ತೆರೆಯುವಾಗ ರೀಡ್‌ಡಿರ್ ಕೊಟ್ಟ ಮೂಲ ಬೈಟ್‌ಗಳನ್ನೇ ಕೊಡಿ. ನೀವು ತಿದ್ದಿದ ರೂಪವನ್ನು ಕೊಟ್ಟರೆ ಮತ್ತೆ ಮೊದಲಿನ ಪಾಡೇ.

ಉದ್ದದ ವಿಷಯದಲ್ಲೂ ಎಚ್ಚರ ಬೇಕು. ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿಯಿದೆ. ಕನ್ನಡದಲ್ಲಿ ಅದು 85 ಸಂಕೇತಗಳಾಗುತ್ತದೆ, ಒತ್ತು, ಗುಣಿತಗಳೂ ಲೆಕ್ಕಕ್ಕೆ ಸೇರಿ. ‘ಶಿವಮೊಗ್ಗ’ ಎಂಬುದಕ್ಕೇ 24 ಬೈಟ್ ಬೇಕು. ಅದನ್ನು 20 ಬೈಟ್‌ಗಳ ಬಫರಿಗೆ (ಕೊನೆಯ ಬೈಟ್ ಸೊನ್ನೆಗೆ ಮೀಸಲು) ಎಸ್‌ಎನ್‌ಪ್ರಿಂಟ್‌ಎಫ್ ಮೂಲಕ ತುಂಬಿದರೆ ‘ಶಿವಮೊಗ’ ಉಳಿದು, ಅದರ ಬಾಲಕ್ಕೆ ಒಂಟಿ 224 ಅಂಟಿಕೊಳ್ಳುತ್ತದೆ. ಪರದೆಗೆ ತೋರಿಸುವ ಪಟ್ಟಿಯಲ್ಲಾದರೆ 128ರಿಂದ 191ರವರೆಗಿನ ಬೈಟ್‌ಗಳನ್ನು ದಾಟಿ ಹಿಂದೆ ಸರಿದು ಕತ್ತರಿಸಬಹುದು. ಪಾತ್ ಅನ್ನು ಮಾತ್ರ ಎಂದೂ ಕತ್ತರಿಸಬೇಡಿ. ಜಾಗ ಸಾಲದಿದ್ದರೆ ದೋಷವೆಂದು ಹೇಳಿ ನಿಲ್ಲಿಸಿ. ಇನ್ನೊಂದು ಮಾತು: ಇಂಟೆಲ್ ಯಂತ್ರಗಳಲ್ಲಿ ಒಂದು ಬೈಟ್ ಹಿಡಿಯುವ ಕ್ಯಾರ್ ಸಾಮಾನ್ಯವಾಗಿ ಋಣಸಂಖ್ಯೆಯನ್ನೂ ಹಿಡಿಯುತ್ತದೆ, 224 ಅಲ್ಲಿ -32 ಆಗುತ್ತದೆ. ಅಕ್ಷರವೇ ಎಂದು ನೋಡುವ ಈಸ್‌ಆಲ್ಫಾದಂಥ ಫಂಕ್ಷನ್‌ಗಳಿಗೆ ಕೊಡುವ ಮುನ್ನ ಅನ್‌ಸೈನ್ಡ್ (ಋಣವಿಲ್ಲದ್ದು) ಮಾಡಿಕೊಳ್ಳಿ.

ವಿಂಡೋಸ್‌ನಲ್ಲಿ ಮೋಸ ಇನ್ನೂ ಸದ್ದಿಲ್ಲದ್ದು. ಅಲ್ಲಿ ಫೈಲ್ ತೆರೆಯುವ ಎಫ್‌ಓಪನ್ ನಿಮ್ಮ ಬೈಟ್‌ಗಳನ್ನು ಯಂತ್ರದ ಕೋಡ್‌ಪೇಜ್ (ಯಾವ ಬೈಟ್‌ಗೆ ಯಾವ ಅಕ್ಷರ ಎಂಬ ಪಟ್ಟಿ) ಪ್ರಕಾರ ಓದುತ್ತದೆ. ಅದು ಪಶ್ಚಿಮ ಯುರೋಪಿನ ಭಾಷೆಗಳ 1252 ಆಗಿದ್ದು, ನೀವು ಬರೆಯಲೆಂದು ‘ಸೊರಬ’ ತೆರೆದರೆ ದೋಷವೇ ಬರುವುದಿಲ್ಲ. ನೆತ್ತಿಯ ಮೇಲೆ ಓರೆಗೆರೆ ಹೊತ್ತ ಲ್ಯಾಟಿನ್ ಅಕ್ಷರ, ಪಕ್ಕದಲ್ಲಿ ಗಣಿತದ ವರ್ಗ ಸೂಚಿಸುವ ಪುಟ್ಟ ಎರಡು, ಹೀಗೆ 12 ಅಕ್ಷರಗಳ ಗೋಜಲು ಹೆಸರಿನ ಫೈಲೊಂದು ಹುಟ್ಟಿಕೊಳ್ಳುತ್ತದೆ. ಲೆಕ್ಕವೆಲ್ಲ ಅದರೊಳಗೆ ಸೇರುತ್ತದೆ, ಹುಡುಕುವವರಿಗೆ ಸಿಗುವುದಿಲ್ಲ. ಪ್ರೋಗ್ರಾಂ ಒಳಗೆ ಎಲ್ಲವನ್ನೂ ಯುಟಿಎಫ್-8ರಲ್ಲೇ ಇಟ್ಟುಕೊಂಡು, ಫೈಲ್ ತೆರೆಯುವ ಹೊತ್ತಿಗಷ್ಟೇ ಯುಟಿಎಫ್-16ಕ್ಕೆ ಬದಲಿಸಿ, ಆ ರೂಪದ ಹೆಸರನ್ನು ತೆಗೆದುಕೊಳ್ಳುವ ಡಬ್ಲ್ಯೂಎಫ್‌ಓಪನ್ ಕರೆಯುವುದು ನನ್ನ ದೃಷ್ಟಿಯಲ್ಲಿ ಭದ್ರವಾದ ಕ್ರಮ. ವಿಂಡೋಸ್ 10ರ 1903 ಆವೃತ್ತಿಯಿಂದೀಚೆಗೆ ಪ್ರೋಗ್ರಾಮಿನ ಜೊತೆಗಿರುವ ವಿವರಪಟ್ಟಿಯಾದ ಮ್ಯಾನಿಫೆಸ್ಟ್‌ನಲ್ಲೇ ಕೋಡ್‌ಪೇಜ್ ಯುಟಿಎಫ್-8 ಎಂದು ಬರೆಯಬಹುದು. ಹಳೆಯ ಯಂತ್ರಗಳಲ್ಲಿ ಅದು ನಡೆಯುವುದಿಲ್ಲ.

ಫೈಲ್ ತೆರೆದ ಮೇಲೆ ಒಳಗಿನ ಅಕ್ಷರಗಳನ್ನು ಬೇರೆಯಾಗಿಯೇ ವಿಚಾರಿಸಬೇಕು. ಮೊದಲ ಮೂರು ಬೈಟ್ 239, 187, 191 ಆಗಿದ್ದರೆ ಅವು ಬಿಓಎಂ, ಅಂದರೆ ಒಳಗಿರುವುದು ಯುಟಿಎಫ್-8 ಎಂದು ತೋರಿಸುವ ಗುರುತು. ದಾಟಿ ಮುಂದೆ ಓದಿ. ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚಾದ ಲೆಕ್ಕಗಳಲ್ಲಿ ಯುನಿಕೋಡ್ ಇರುವುದಿಲ್ಲ. ಅವನ್ನು ಪರಿವರ್ತಕದಲ್ಲಿ ಹಾಯಿಸಿದ ಮೇಲೆಯೇ ಪ್ರೋಗ್ರಾಮಿಗೆ ಕೊಡಿ.