ಒಂದೇ ಔಷಧ, ಎರಡು ಆಲ್ಕೋಹಾಲ್: ಗ್ರಿನ್ಯಾರ್ ಕಾರಕದಿಂದ ಕಿಣ್ವದವರೆಗೆ

[ದೃಶ್ಯ: ಪ್ರೊಪೀನ್ ಅಣುವಿನ ಮಾದರಿ]

ನಮಸ್ಕಾರ. ಆಲ್ಕೋಹಾಲ್ ತಯಾರಿಸುವಾಗ ಹೈಡ್ರಾಕ್ಸಿಲ್ (OH) ಗುಂಪು ಯಾವ ಇಂಗಾಲದ ಮೇಲೆ, ಅಣುವಿನ ಯಾವ ಮಗ್ಗುಲಲ್ಲಿ ಕೂರಬೇಕು ಎಂಬುದೇ ದೊಡ್ಡ ಸವಾಲು. ಆಮ್ಲದ ಸಮ್ಮುಖದಲ್ಲಿ, ಮೂರು ಇಂಗಾಲಗಳ ಪ್ರೊಪೀನ್‌ಗೆ ನೀರು ಸೇರಿಸಿದರೆ, ಮಾರ್ಕೊವ್ನಿಕಾಫ್ ನಿಯಮದಂತೆ ಆ ಗುಂಪು ನಡುವಿನ ಇಂಗಾಲವನ್ನು ಹಿಡಿದು 2-ಪ್ರೊಪನಾಲ್ ದೊರೆಯುತ್ತದೆ. ಗುಂಪು ತುದಿಯಲ್ಲೇ ಬೇಕೆಂದರೆ, 1956ರಲ್ಲಿ ಹರ್ಬರ್ಟ್ ಬ್ರೌನ್ ಕಂಡುಕೊಂಡ ಹೈಡ್ರೋಬೋರೇಶನ್ ಇದೆ: ಮೊದಲು ಬೋರಾನ್ ತುದಿಗೆ ಸೇರಿಕೊಳ್ಳುತ್ತದೆ, ಆಮೇಲೆ ಕ್ಷಾರ ಬೆರೆತ ಹೈಡ್ರೋಜನ್ ಪೆರಾಕ್ಸೈಡ್ ಅದೇ ಜಾಗದಲ್ಲಿ ಹೈಡ್ರಾಕ್ಸಿಲನ್ನು ತಂದಿಡುತ್ತದೆ.

[ದೃಶ್ಯ: ಫ್ಲಾಸ್ಕ್, ಸಮೀಪದಿಂದ]

ಇಂಗಾಲದ ಸರಪಳಿಯನ್ನೂ ಬೆಳೆಸಬೇಕಾದಾಗ ನೆನಪಾಗುವುದು ವಿಕ್ಟರ್ ಗ್ರಿನ್ಯಾರ್ 1900ರಲ್ಲಿ ಪ್ರಕಟಿಸಿದ ವಿಧಾನ. ಚೆನ್ನಾಗಿ ಒಣಗಿಸಿದ ಫ್ಲಾಸ್ಕಿನಲ್ಲಿ ಮೆಗ್ನೀಷಿಯಮ್ ಚೂರುಗಳ ಮೇಲೆ ನಿರ್ಜಲ ಈಥರ್ ಸುರಿದು, ಅಯೋಡಿನ್‌ನ ಒಂದು ಹರಳು ಹಾಕಿ, ಇಂಗಾಲದ ಸರಪಳಿಗೆ ಬ್ರೋಮಿನ್ ಅಂಟಿದ ಆಲ್ಕೈಲ್ ಬ್ರೋಮೈಡನ್ನು ಹನಿಹನಿಯಾಗಿ ಬಿಡುತ್ತಾರೆ. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಕಂದು ಬಣ್ಣ ಮಾಸಿ, ದ್ರವ ಮಬ್ಬಾಗಿ, ಕೆಳಗೆ ಉರಿಯಿಲ್ಲದೆಯೇ ಈಥರ್ ತಾನಾಗಿ ಕುದಿಯತೊಡಗುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಒಮ್ಮೆಯಾದರೂ ಕಣ್ಣಾರೆ ನೋಡಬೇಕಾದ ಗಳಿಗೆಯಿದು. ಹೀಗೆ ಹುಟ್ಟಿದ್ದೇ ಗ್ರಿನ್ಯಾರ್ ಕಾರಕ. ಇದಕ್ಕೆ ಇಂಗಾಲ-ಆಮ್ಲಜನಕ ಜೋಡಿಬಂಧವಿರುವ ಆಲ್ಡಿಹೈಡ್ ಅಥವಾ ಕೀಟೋನ್ ಸೇರಿಸಿ, ಕೊನೆಯಲ್ಲಿ ದುರ್ಬಲ ಆಮ್ಲ ಬೆರೆಸಿದರೆ ಆಲ್ಕೋಹಾಲ್ ಸಿದ್ಧ. ಆದರೆ ತೇವಾಂಶ ಸೋಕಿದರೆ ಕಾರಕ ಕೆಡುತ್ತದೆ.

ಇದು ಹಳೆಯ ವಿಧಾನವೆಂದು ಮೂಲೆಗೆ ಸರಿಸುವಂತಿಲ್ಲ. ಆಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಅಣುವಿನಲ್ಲಿರುವ ತೃತೀಯಕ ಆಲ್ಕೋಹಾಲ್ (ಹೈಡ್ರಾಕ್ಸಿಲ್ ಇರುವ ಇಂಗಾಲಕ್ಕೆ ಬೇರೆ ಮೂರು ಇಂಗಾಲಗಳು ಅಂಟಿರುವ) ಭಾಗವನ್ನು, ಎಸ್ಟರ್ ಮೇಲೆ ಮೀಥೈಲ್ ಗ್ರಿನ್ಯಾರ್ ಕಾರಕವನ್ನು ಪ್ರಯೋಗಿಸಿಯೇ ಕಟ್ಟುತ್ತಾರೆ.

[ದೃಶ್ಯ: ಕನ್ನಡಿಯ ಎದುರು ಎಡಗೈ, ಬಲಗೈ]

ಅದೇ ಔಷಧದ ತಯಾರಿಕೆಯಲ್ಲಿ ಇನ್ನೊಂದು ಆಲ್ಕೋಹಾಲ್ ಬೇಕಾಗುತ್ತದೆ, ಅದೂ ಎಡಗೈ-ಬಲಗೈಗಳಂತಿರುವ ಎರಡು ರೂಪಗಳಲ್ಲಿ ಒಂದು ಮಾತ್ರ. ಅದನ್ನು ಕೀಟೋನಿಗೆ ಹೈಡ್ರೋಜನ್ ಸೇರಿಸಿ ಪಡೆಯುತ್ತಾರೆ. ಸೋಡಿಯಂ ಬೋರೋಹೈಡ್ರೈಡ್ ಕೀಟೋನಿನ ಎರಡೂ ಮಗ್ಗುಲಿಗೆ ಸಮನಾಗಿ ಹೈಡ್ರೋಜನ್ ಕೊಟ್ಟು ಎರಡೂ ರೂಪಗಳನ್ನು ಮಾಡುವುದರಿಂದ ಇಲ್ಲಿ ಉಪಯೋಗಕ್ಕೆ ಬಾರದು. ಮೊದಮೊದಲು ಪೈನ್ ಮರದ ಟರ್ಪೆಂಟೈನಿನಲ್ಲಿರುವ ಪೈನೀನ್‌ನಿಂದ ಮಾಡಿದ ಬೋರಾನ್ ಕಾರಕವನ್ನು ಬಳಸುತ್ತಿದ್ದರು. ಅದು ಬ್ರೌನ್ ಅವರದೇ ಕೊಡುಗೆ. ಅದಕ್ಕೆ ನೀರು ಸೋಕಬಾರದು, ಮಿಶ್ರಣವನ್ನು ಶೂನ್ಯಕ್ಕಿಂತ ಕೆಳಗೆ ತಂಪಾಗಿಡಬೇಕು.

ಈಗ ಆ ಕೆಲಸವನ್ನು ಕೀಟೋನನ್ನು ಆಲ್ಕೋಹಾಲ್ ಆಗಿಸುವ, ಮಾರ್ಪಡಿಸಿದ ಕೀಟೋರಿಡಕ್ಟೇಸ್ ಕಿಣ್ವ ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ಬೆರೆತ ದ್ರಾವಣದಲ್ಲೇ ಮಾಡಬಲ್ಲದು. ಇದಕ್ಕೆ ಹೈಡ್ರೋಜನ್ ಒದಗಿಸುವುದು ನಾವು ಆರಂಭದಲ್ಲಿ ಕಂಡ 2-ಪ್ರೊಪನಾಲ್. ಹಾಗೆ ಕೊಟ್ಟು ತಾನು ಅಸಿಟೋನ್ ಆಗುತ್ತದೆ. ಬೇಕಾದ ಆಲ್ಕೋಹಾಲ್ ಕರಗಿ ಉಳಿಯದೆ ಹರಳುಗಟ್ಟಿ ಬೇರ್ಪಡುವುದರಿಂದ ಕ್ರಿಯೆ ಹಿಂದಕ್ಕೆ ಹೊರಳದೆ ಮುಂದೆ ಸಾಗುತ್ತದೆ. ಆ ಹರಳುಗಳನ್ನು ಸೋಸಿ ತೆಗೆದರೆ ಮುಂದಿನ ಹಂತಕ್ಕೆ ಬಳಸಬಹುದು.