ಎಷ್ಟು ಮಾರ್ಕ್ಸಿಗೆ ಸೀಟು ಅಂತ ನನ್ನನ್ನು ಕೇಳಬೇಡಿ

ನಮಸ್ಕಾರ, ತೀರ್ಥಹಳ್ಳಿಯಿಂದ. ಹಿಂದೆ ಚಪ್ಪಾಳೆ ಕೇಳಿಸುತ್ತಿದೆ ಅಂದುಕೊಂಡಿರಾ? ತಗಡಿನ ಶೀಟಿನ ಮೇಲೆ ಬೀಳುತ್ತಿರುವ ಮಳೆ ಅದು. ಮೈಕಿಗೆ ದುಡ್ಡು ಹಾಕಿದೆ, ಮಾಡಿಗೆ ಉಳಿಯಲಿಲ್ಲ. ಸಬ್‌ಸ್ಕ್ರೈಬ್ ಮಾಡಿ, ಹೆಂಚು ಹಾಕಿಸುತ್ತೇನೆ.

ಇವತ್ತು ಅಡಿಕೆ ಕೊಳೆ ರೋಗದ ಬಗ್ಗೆ ಮಾತಾಡಬೇಕಿತ್ತು. ಬೋರ್ಡೋ ದ್ರಾವಣ, ಸುಣ್ಣ, ಮೈಲುತುತ್ತ, ಎಲ್ಲ ಬರೆದೂ ಇಟ್ಟಿದ್ದೆ. ಬೆಳಿಗ್ಗೆ ಕಾಫಿ ಜೊತೆ ಕಾಮೆಂಟ್ ತೆಗೆದೆ, ತಲೆ ಕೆಟ್ಟಿತು. "ಅಣ್ಣಾ, 480ಕ್ಕೆ ಸಿಮ್ಸಲ್ಲಿ ಎಂಬಿಬಿಎಸ್ ಸಿಗುತ್ತಾ?" ಸಿಮ್ಸ್ ಅಂದರೆ ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು; 480 ಅನ್ನೋದು ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ ಮಾರ್ಕ್ಸು. ಅದರ ಕೆಳಗೆ ಇನ್ನೊಬ್ಬ ಮಹಾನುಭಾವ: "ಚಾನ್ಸೇ ಇಲ್ಲ ಬ್ರೋ, ನಮ್ಮಣ್ಣಂಗೆ 600 ಇದ್ರೂ ಸಿಕ್ಕಿಲ್ಲ." ಆ ಉತ್ತರಕ್ಕೆ ನಲವತ್ತು ಲೈಕು. ನನ್ನ ವಿಡಿಯೋಗೆ ಮೂವತ್ತೆರಡು.

ನಿಮ್ಮಣ್ಣ ಬರೆದಿದ್ದು ಯಾವ ವರ್ಷ ಮಾರಾಯಾ?

2024ರ ನೀಟ್‌ನಲ್ಲಿ 720ಕ್ಕೆ 600 ತೆಗೆದವರ ರ‍್ಯಾಂಕ್ 80 ಸಾವಿರದ ಆಸುಪಾಸು ಇತ್ತು. 2025ರಲ್ಲಿ ಫಿಸಿಕ್ಸ್ ಮಕ್ಕಳನ್ನು ಅಳಿಸಿಬಿಟ್ಟಿತು. ದೇಶಕ್ಕೇ ಮೊದಲು ಬಂದವರಿಗೆ 686. ಆ ವರ್ಷ 600ರ ಮೇಲೆ ತೆಗೆದವರು ಇಡೀ ದೇಶದಲ್ಲಿ ಸುಮಾರು 1,300 ಮಂದಿ. ಅದೇ 600. ಒಂದು ವರ್ಷ ಮನೆಯಲ್ಲಿ ಅಳು, ಇನ್ನೊಂದು ವರ್ಷ ದೆಹಲಿಯ ಕಾಲೇಜಿನ ಕನಸು. ಈಗ ಹೇಳಿ, "600ಕ್ಕೆ ಸಿಗುತ್ತಾ" ಅನ್ನುವ ಪ್ರಶ್ನೆಗೆ ಏನಾದರೂ ಅರ್ಥ ಇದೆಯಾ? ಮಾರ್ಕ್ಸ್ ಬಿಡಿ. ರ‍್ಯಾಂಕ್ ಹೇಳಿ.

ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕುವವರು ನೀವು. "ಹತ್ತು ಕ್ವಿಂಟಾಲ್ ಇದೆ, ಎಷ್ಟು ದುಡ್ಡು ಬರುತ್ತೆ" ಅಂದರೆ ಸಾಹುಕಾರರು ಏನು ಕೇಳುತ್ತಾರೆ? ರಾಶಿಯಾ, ಬೆಟ್ಟೆಯಾ, ಗೊರಬಲಾ ಅಂತ ಕೇಳುತ್ತಾರೆ. ಇವತ್ತಿನ ಧಾರಣೆ ನೋಡುತ್ತಾರೆ. ಅಡಿಕೆಗೆ ಇಷ್ಟು ಬುದ್ಧಿ ಓಡಿಸುವ ನಾವು, ಮಗಳ ಸೀಟಿನ ವಿಷಯ ಬಂದರೆ ಹೋದ ವರ್ಷದ ಧಾರಣೆ ಹಿಡಿದುಕೊಂಡು ಹೋಗುತ್ತೇವೆ. ಅದೂ ಪಕ್ಕದ ಮನೆಯವರ ಅಡಿಕೆದು.

"ಸಾರ್, ಅಂದಾಜಿಗಾದರೂ ಬೇಕಲ್ವಾ?" ಅಂತ ಒಬ್ಬರು ಮೇಷ್ಟ್ರು ಕೇಳಿದರು. ಬೇಕು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ವೆಬ್‌ಸೈಟಿನಲ್ಲಿ ಕಟ್ ಆಫ್ ಪಟ್ಟಿ, ಅಂದರೆ ಎಲ್ಲಿಯವರೆಗೆ ಸೀಟು ಸಿಕ್ಕಿತು ಅನ್ನುವ ಪಟ್ಟಿ ಇದೆ, ತೆಗೆದು ನೋಡಿ. ಎಡಗಡೆ ಕಾಲೇಜು, ಮೇಲುಗಡೆ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 3ಬಿಆರ್ ಅಂತ ಕೆಟಗರಿ, ಕೋಟಾಗಳ ಸಾಲು ಸಾಲು ಖಾನೆ. ಮೊಬೈಲಿನಲ್ಲಿ ಎರಡು ಬೆರಳಿನಲ್ಲಿ ಎಳೆದೂ ಎಳೆದೂ ಕಣ್ಣು ನೀರಾಗುತ್ತದೆ. ಆ ಖಾನೆಗಳೊಳಗೆ ಏನಿದೆ? ರ‍್ಯಾಂಕ್! ಮಾರ್ಕ್ಸ್ ಅನ್ನುವ ಪದವನ್ನು ಅಲ್ಲಿ ಹುಡುಕಿ ಕೊಟ್ಟವರಿಗೆ ನಮ್ಮಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟಲಿ ಫ್ರೀ. ಉಳಿದವರು ದುಡ್ಡು ಕೊಟ್ಟು ತಗೊಳ್ಳಿ, ಲಿಂಕ್ ಕೆಳಗಿದೆ.

"ರ‍್ಯಾಂಕೂ ವರ್ಷ ವರ್ಷ ಬದಲಾಗುತ್ತಲ್ಲ?" ಆಗುತ್ತೆ ಸ್ವಾಮಿ. ತುಂಗೆ ತುಂಬಿದೆಯಾ ಅಂತ ತಿಳಿಯೋಕೆ ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತಾ ಅಂತ ನೋಡುತ್ತಾರೆ. ಆಗುಂಬೆಯಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಅಂತ ಲೆಕ್ಕ ಹಾಕುತ್ತಾ ಕೂರುತ್ತಾರಾ? ರ‍್ಯಾಂಕ್ ಅಂದರೆ ಆ ಮಂಟಪ, ಮಾರ್ಕ್ಸ್ ಅಂದರೆ ಆ ಮಿಲಿಮೀಟರ್. ಮುಗೀತು, ಮುಂದೆ.

ನನಗೆ ಇಷ್ಟು ಉರಿಯೋಕೆ ಕಾರಣ ಇದೆ. ನಮ್ಮ ಅತ್ತಿಗೆಯ ತಂಗಿ ಮಗಳು. ಹೋಬಳಿಯ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಹತ್ತು, ಕನ್ನಡ ಮೀಡಿಯಂ. ಅಂದರೆ ಗ್ರಾಮೀಣ ಕೋಟಾವೂ ಇದೆ, ಕನ್ನಡ ಮಾಧ್ಯಮದ ಕೋಟಾವೂ ಇದೆ. ಬಿಇಒ ಆಫೀಸಿಗೆ ಎರಡು ಸಲ ಅಲೆದು ಸಹಿ ಹಾಕಿಸಿಕೊಂಡು ಬಂದಿದ್ದಳು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಹಾಕುವ ದಿನ ಸೈಬರ್ ಸೆಂಟರಿನಲ್ಲಿ ನಾನೂ ಇದ್ದೆ. ಒದ್ದೆ ಕೊಡೆ ಬಾಗಿಲಲ್ಲಿ, ಫೈಲು ಪ್ಲಾಸ್ಟಿಕ್ ಕವರಿನಲ್ಲಿ, ಯುಪಿಎಸ್ ಕುಂಯ್ ಅಂತಿದೆ. ಅವಳು ಹಾಕಿದ್ದು ಎರಡೇ ಕಾಲೇಜು! ಯಾಕಮ್ಮಾ ಅಂದರೆ, "ಮಾವ, ನನ್ನ ಮಾರ್ಕ್ಸಿಗೆ ಬೇರೆ ಕಡೆ ಸಿಗಲ್ವಂತೆ, ಕೋಚಿಂಗ್ ಸರ್ ಹೇಳಿದ್ರು." ಗದಗ ಹಾಕು, ಕೊಪ್ಪಳ ಹಾಕು, ಕಾರವಾರ ಹಾಕು, ಬೀದರ್ ಹಾಕು ಅಂದೆ. ಅವರಪ್ಪ "ಬೀದರ್ ದೂರ ಆಯ್ತು" ಅಂದರು. ಸೀಟು ಸಿಗದೇ ಇದ್ದರೆ ಬೆಂಗಳೂರೂ ದೂರವೇ ಅಲ್ವಾ? ಎಷ್ಟು ಕಾಲೇಜು ಹಾಕಿದರೂ ಒಂದು ರೂಪಾಯಿ ಜಾಸ್ತಿ ಇಲ್ಲ. ಆದರೂ ಎರಡೇ. ಮೊದಲ ರೌಂಡಿನಲ್ಲಿ ಅವಳ ಹೆಸರಿನ ಮುಂದೆ ಏನೂ ಬರಲಿಲ್ಲ. ಅವಳಿಗಿಂತ ಹಿಂದಿನ ರ‍್ಯಾಂಕಿನ, ಅದೇ ಕೆಟಗರಿಯ ಹುಡುಗನಿಗೆ ಗದಗ ಬಂತು. ಆ ಸರ್ ಯಾರು ಅಂತ ಹೇಳಲ್ಲ. ಈ ವಿಡಿಯೋ ನೋಡುತ್ತಿದ್ದರೆ ಲೈಕ್ ಒತ್ತಿ ಸರ್.

ಇನ್ನು ಆ ಪ್ರೆಡಿಕ್ಟರ್ ಆಪ್‌ಗಳು! ಒಂದರಲ್ಲಿ ಸುಮ್ನೆ 72 ಮಾರ್ಕ್ಸ್ ಅಂತ ಹಾಕಿದೆ. "ನಿಮಗೆ ಉತ್ತಮ ಅವಕಾಶಗಳಿವೆ" ಅಂತು. ಫೋನ್ ನಂಬರ್ ಕೇಳಿತು, ಕೊಟ್ಟೆ. ಹತ್ತು ನಿಮಿಷಕ್ಕೆ ಒಬ್ಬ: "ಸಾರ್, ಮ್ಯಾನೇಜ್‌ಮೆಂಟ್ ಸೀಟು, ಮಗನಿಗಾ ಮಗಳಿಗಾ?" ನನಗೇ ಅಂದೆ. "ವಯಸ್ಸು?" ನಲವತ್ಮೂರು. "ನೋ ಪ್ರಾಬ್ಲಂ ಸಾರ್." ನಿಮ್ಮ ಮಾರ್ಕ್ಸ್ ಹುಚ್ಚಿನ ಮೇಲೆ ನಡೀತಿರೋ ಅಂಗಡಿ ಇದು.

ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಡಯಾಲಿಸಿಸ್ ಟೆಕ್ನಾಲಜಿ ಅಂದರೆ ಮೂಗು ಮುರಿಯುವವರಿಗೂ ಒಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಲ್ಲಿ ಸಿಕ್ಕ ಮಂಗನ ಕಾಯಿಲೆ ಈಗಲೂ ನಮ್ಮ ಬೆನ್ನು ಬಿಟ್ಟಿಲ್ಲ. ಜ್ವರ ಬಂದಾಗ ನಿಮ್ಮ ರಕ್ತ ತೆಗೆಯುವವರು ಯಾರು, ಲ್ಯಾಬಿನಲ್ಲಿ ಕೂತು ನೋಡುವವರು ಯಾರು? ಅದೇ ಬೇರೆ ಎಪಿಸೋಡು, ಮಾಡುತ್ತೇನೆ.

ಎಲ್ಲಿದ್ದೆ? ಹಾಂ, ರ‍್ಯಾಂಕ್. ಸಿಮ್ಸಿನಲ್ಲಿ ಎಂಬಿಬಿಎಸ್ ಸೀಟು 150. ಅದರಲ್ಲಿ ನೂರಕ್ಕೆ 15 ಅಖಿಲ ಭಾರತ ಕೋಟಾ, ಉಳಿದಿದ್ದು ಕೆಇಎ ಹಂಚುತ್ತದೆ. ಹಂಚುವುದು ಯಾವುದರ ಮೇಲೆ? ಜೋರಾಗಿ ಹೇಳಿ, ಮಳೆಯಲ್ಲಿ ಕೇಳಿಸ್ತಿಲ್ಲ!

ನಾಲ್ಕನೇ ಪಾಯಿಂಟ್ ಒಂದಿತ್ತು, ಅಣಕು ಹಂಚಿಕೆ, ಅಂದರೆ ನಿಜವಾದ ಸೀಟು ಹಂಚಿಕೆಗೆ ಮುಂಚಿನ ಮಾದರಿ ಹಂಚಿಕೆ ಬಗ್ಗೆ. ಕಾಫಿ ಚೆಲ್ಲಿ ನನ್ನ ಅಕ್ಷರ ನನಗೇ ಓದೋಕೆ ಆಗುತ್ತಿಲ್ಲ. ಐದನೇದು ಅಂತ ನಂಬರ್ ಬರೆದಿದ್ದೇನೆ, ಮುಂದೆ ಏನೂ ಬರೆದಿಲ್ಲ. ಪರವಾಗಿಲ್ಲ, ಐದನೇದೂ ರ‍್ಯಾಂಕೇ.

480ರ ತಮ್ಮಾ, ನಿನ್ನ ಮೇಲೆ ಸಿಟ್ಟಿಲ್ಲ. ರ‍್ಯಾಂಕ್, ಕೆಟಗರಿ, ಹತ್ತನೇವರೆಗೆ ಓದಿದ ಊರು, ಇಷ್ಟು ಕಾಮೆಂಟಲ್ಲಿ ಹಾಕು. ರಾತ್ರಿ ಊಟ ಮುಗಿಸಿ ಇಬ್ಬರೂ ಕೂತು ಆ ಪಟ್ಟಿ ಎಳೆಯೋಣ. ಅಮ್ಮ ಕೂಗುತ್ತಿದ್ದಾರೆ, ಮಾಡು ಸೋರುವ ಜಾಗಕ್ಕೆ ಬಕೆಟ್ ಇಡಬೇಕಂತೆ.